ಕಿರುಗುಟ್ಟುವ ಪೆಡಲ್

"ಮಾಮ, ಇದರಲ್ಲಿ ಇಲಿ ಕೂಗುತ್ತಿದೆಯಲ್ಲ?" ಎಂದು ಅಕ್ಕನ ಮಗ ಕೇಳಿದಾಗ, ಅವನ ಹೆಡ್‌ಫೋನ್ ಕೆಟ್ಟಿರಬೇಕು ಎಂದುಕೊಂಡೆ.

ನಾನೇ ಒತ್ತಾಯ ಮಾಡಿ ಕೇಳಿಸುತ್ತಿದ್ದ ಹಾಡು ಅದು. ಇಂಗ್ಲೆಂಡಿನ ಲೆಡ್ ಜೆಪ್ಪೆಲಿನ್ ಎಂಬ ರಾಕ್ ತಂಡದ 1970ರ ಮೂರನೆಯ ಆಲ್ಬಮ್‌ನಲ್ಲಿರುವ, ಏಳು ನಿಮಿಷ ದಾಟುವ, ನಿಧಾನ ಲಯದ ಬ್ಲೂಸ್: ‘ಸಿನ್ಸ್ ಐ ಹ್ಯಾವ್ ಬೀನ್ ಲವಿಂಗ್ ಯೂ’. ಹುಡುಗ ಲ್ಯಾಪ್‌ಟಾಪಿನಲ್ಲಿ ತಾನೇ ಹಾಡು ಕಟ್ಟುತ್ತಾನೆ. ನಿನ್ನ ಹಾಡಿಗೆ ಜೀವವಿಲ್ಲ, ಇಂದಿನ ಯಾವ ಹಾಡಿಗೂ ಜೀವವಿಲ್ಲ, ಬೇಕಿದ್ದರೆ ಇದನ್ನು ಕೇಳಿ ನೋಡು ಎಂದು ಅರ್ಧ ಗಂಟೆ ಉಪದೇಶ ಮಾಡಿ ಆಗಷ್ಟೇ ಮುಗಿಸಿದ್ದೆ. ಹೆಡ್‌ಫೋನ್ ಇಸಿದುಕೊಂಡು ಕಿವಿಗೆ ಹಾಕಿಕೊಂಡೆ. ಇಲಿಯೂ ಇಲ್ಲ, ಏನೂ ಇಲ್ಲ. ಅವನು ಮತ್ತೆ ಮೊದಲಿನಿಂದ ಹಾಕಿ, "ಕಾಲಿನಲ್ಲಿ ಹೊಡೆಯುವ ಡ್ರಮ್ ಒಂದನ್ನೇ ಕೇಳಿ ಮಾಮ, ಬೇರೆ ಏನನ್ನೂ ಕೇಳಬೇಡಿ" ಎಂದ. ಆಗ ಸಿಕ್ಕಿತು. ಏಟಿನ ಬೆನ್ನಿಗೇ, ಎಣ್ಣೆ ಕಾಣದ ಬಾಗಿಲಿನಂತೆ, ಸಣ್ಣದೊಂದು ಕೀಚಲು ದನಿ. ಡ್ರಮ್ಮರ್ ಜಾನ್ ಬೊನ್‌ಹ್ಯಾಮ್ ಅವರ ಕಾಲಡಿಯ ಪೆಡಲ್ ಕಿರುಗುಟ್ಟುತ್ತಿತ್ತು.

ಮೂವತ್ತು ವರ್ಷದಿಂದ ಆ ಹಾಡನ್ನು ಕೇಳುತ್ತಿದ್ದೇನೆ. ಗಿಟಾರ್ ಎಲ್ಲಿ ಬಿಕ್ಕುತ್ತದೆ, ಗಾಯಕ ಎಲ್ಲಿ ಉಸಿರು ಎಳೆದುಕೊಳ್ಳುತ್ತಾನೆ ಎಂಬುದೆಲ್ಲ ಬಾಯಿಪಾಠ. ಪೆಡಲ್ ಮಾತ್ರ ಗೊತ್ತಿರಲಿಲ್ಲ. ಆಮೇಲೆ ವಿಚಾರಿಸಿದರೆ ಆ ತಂಡದ ಅಭಿಮಾನಿಗಳಿಗೆಲ್ಲ ಇದು ಹಳೆಯ ಕಥೆ. ಜೀವ, ಜೀವ ಎಂದು ಬಡಬಡಿಸುತ್ತಿದ್ದವನಿಗೆ ಆ ಜೀವ ಎಲ್ಲಿ ಅಡಗಿದೆ ಎಂದು ತೋರಿಸಿಕೊಟ್ಟವನು, ಯಂತ್ರದ ಸಂಗೀತ ಮಾಡುತ್ತೀಯೆ ಎಂದು ನಾನು ಬೈಯುತ್ತಿದ್ದ ಹುಡುಗ. ಮುಖಭಂಗವಾಯಿತು. ಅಂದಿನಿಂದ ನನ್ನ ಹಳೆಯ ವಾದವನ್ನು ಒಂದೊಂದಾಗಿ ಬಿಚ್ಚಿ ನೋಡುತ್ತಿದ್ದೇನೆ.

ಮೊದಲು ಬಿಚ್ಚಿದ್ದು, ನಾನು ಮೆಚ್ಚುವ ಆ ಕಾಲದ ಸಂಗೀತಕ್ಕಿರುವ ‘ಕ್ಲಾಸಿಕ್ ರಾಕ್’ ಎಂಬ ಹೆಸರನ್ನೇ. 1970ರಲ್ಲಿ ಯಾರೂ ಕ್ಲಾಸಿಕ್ ರಾಕ್ ನುಡಿಸುತ್ತಿರಲಿಲ್ಲ; ರಾಕ್ ನುಡಿಸುತ್ತಿದ್ದರು, ಅಷ್ಟೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಎಫ್‌ಎಂ ರೇಡಿಯೊ ಕೇಂದ್ರಗಳು ಆ ಹೆಸರನ್ನು ಚಾಲ್ತಿಗೆ ತಂದವು. ಆ ಹಾಡು ಕೇಳಿ ಬೆಳೆದ ಹುಡುಗರು ಅಷ್ಟರಲ್ಲಿ ಸಂಬಳಗಾರರಾಗಿದ್ದರು, ಜಾಹೀರಾತು ಕೊಡುವವರಿಗೆ ಬೇಕಾದದ್ದು ಅವರೇ. ಹೊಸದನ್ನು ಹಾಕಿ ಅವರನ್ನು ಕಳೆದುಕೊಳ್ಳುವ ಬದಲು, ಅವರಿಗೆ ಗೊತ್ತಿರುವ ಕೆಲವು ನೂರು ಹಾಡುಗಳನ್ನೇ ತಿರುಗಿಸಿ ಮುರುಗಿಸಿ ಹಾಕುವುದು ಲಾಭ. ಅಂಥ ಪಟ್ಟಿಗೆ ‘ಶ್ರೇಷ್ಠ ಯುಗ’ ಎಂಬ ಕಿರೀಟ ಇಟ್ಟವರು ನಾವು, ಕೇಳುಗರು. ಹೆಕ್ಕಿ ತೆಗೆದಿಟ್ಟ ಆ ಪಟ್ಟಿಯನ್ನು ಇಂದು ರೇಡಿಯೊ ಹಾಕಿದ ಕೂಡಲೇ ಬರುವ ಹಾಡಿನ ಜೊತೆ ತೂಗಿ, ನೋಡಿ, ಎಷ್ಟು ಕೆಳಗಿಳಿದಿದ್ದೇವೆ ಎಂದು ನಿಟ್ಟುಸಿರು ಬಿಡುತ್ತಿದ್ದೆ.

1969ನ್ನೇ ತೆಗೆದುಕೊಳ್ಳಿ. ಲೆಡ್ ಜೆಪ್ಪೆಲಿನ್‌ನ ಮೊದಲೆರಡು ಆಲ್ಬಮ್‌ಗಳು ಬಂದ ವರ್ಷ, ಬೀಟಲ್ಸ್‌ನ ‘ಆ್ಯಬಿ ರೋಡ್’ ಬಂದ ವರ್ಷ, ಆಗಸ್ಟ್‌ನಲ್ಲಿ ವುಡ್‌ಸ್ಟಾಕ್ ಉತ್ಸವ ನಡೆದ ವರ್ಷ. ಆ ವರ್ಷದ ಕೊನೆಗೆ ಬಿಲ್‌ಬೋರ್ಡ್ ಪತ್ರಿಕೆ ಲೆಕ್ಕ ಹಾಕಿದಾಗ ಅಮೆರಿಕದ ನಂಬರ್ ಒನ್ ಹಾಡಾಗಿದ್ದದ್ದು ‘ಶುಗರ್, ಶುಗರ್’. ಹಾಡಿದವರು ಆರ್ಚೀಸ್, ಅಂದರೆ ಟೀವಿಯ ಕಾರ್ಟೂನ್ ಪಾತ್ರಗಳ ತಂಡ! ವುಡ್‌ಸ್ಟಾಕ್‌ನ ಕೆಸರು ಒಣಗುವ ಮೊದಲೇ, ಸೆಪ್ಟೆಂಬರ್‌ನಲ್ಲಿ, ಅದು ಮೊದಲ ಸ್ಥಾನಕ್ಕೆ ಏರಿ ಕುಳಿತಿತ್ತು. ಎರಡು ವರ್ಷ ಹಿಂದೆ ಹೋದರೆ, 1967ರಲ್ಲಿ ‘ಪೆನ್ನಿ ಲೇನ್’ ಮತ್ತು ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಎಂಬ ಎರಡು ರತ್ನಗಳನ್ನು ಒಂದೇ ಗ್ರಾಮಫೋನ್ ತಟ್ಟೆಯ ಎರಡು ಮಗ್ಗುಲಲ್ಲಿ ಕೊಟ್ಟರೂ ಬೀಟಲ್ಸ್ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಏರಲಿಲ್ಲ. ಎಂಗೆಲ್‌ಬರ್ಟ್ ಹಂಪರ್‌ಡಿಂಕ್ ಅವರ ವಿರಹಗೀತೆಯೊಂದು ಅಲ್ಲಿಂದ ಅಲುಗಲಿಲ್ಲ. 1976ರಲ್ಲಿ ಬಾತುಕೋಳಿಯ ದನಿಯಲ್ಲಿ ಅಣಕವಾಡುವ ‘ಡಿಸ್ಕೊ ಡಕ್’ ಅಮೆರಿಕದ ನಂಬರ್ ಒನ್ ಆಯಿತು. ಇವೆಲ್ಲ ಎಲ್ಲಿ ಹೋದವು? ಐವತ್ತು ವರ್ಷದ ಜರಡಿಯಲ್ಲಿ ಕೆಳಗೆ ಬಿದ್ದವು. ಇಂದಿನ ರಾಶಿಯನ್ನು ಇನ್ನೂ ಯಾರೂ ಜರಡಿ ಹಿಡಿದಿಲ್ಲ. ಕಾಳು, ಹೊಟ್ಟು, ಕಲ್ಲು ಎಲ್ಲವೂ ಒಟ್ಟಿಗೇ ಕಿವಿಗೆ ಬೀಳುತ್ತವೆ.

"ಆಗಿನವರು ತಮ್ಮ ವಾದ್ಯ ತಾವೇ ನುಡಿಸುತ್ತಿದ್ದರು" ಎಂಬುದು ನನ್ನ ಇನ್ನೊಂದು ಅಸ್ತ್ರ. ಅದೂ ಮೊಂಡಾಯಿತು. 1960ರ ದಶಕದ ಲಾಸ್ ಏಂಜಲೀಸ್‌ನಲ್ಲಿ ‘ರೆಕಿಂಗ್ ಕ್ರೂ’ ಎಂದು ಆಮೇಲೆ ಹೆಸರಾದ ಬಾಡಿಗೆ ವಾದಕರ ಗುಂಪೊಂದಿತ್ತು. ಡ್ರಮ್ಸ್‌ಗೆ ಹಾಲ್ ಬ್ಲೇನ್, ಬೇಸ್ ಗಿಟಾರ್‌ಗೆ ಕ್ಯಾರಲ್ ಕೇ. ಬೀಚ್ ಬಾಯ್ಸ್‌ನಿಂದ ಹಿಡಿದು ಯಾರು ಯಾರ ಹೆಸರಿನಲ್ಲಿ ಇವರು ನುಡಿಸಿದ್ದಾರೆ ಎಂಬುದಕ್ಕೆ ಲೆಕ್ಕವಿಲ್ಲ. ಬರ್ಡ್ಸ್ ತಂಡದ 1965ರ ಪ್ರಸಿದ್ಧ ಮೊದಲ ಹಾಡಿನಲ್ಲಿ ವಾದ್ಯ ಹಿಡಿದ ತಂಡದ ಸದಸ್ಯರು ಒಬ್ಬರೇ, ರೋಜರ್ ಮೆಗ್ವಿನ್. ಉಳಿದದ್ದೆಲ್ಲ ಬಾಡಿಗೆಯವರ ಕೈವಾಡ.

ಇಷ್ಟಾದರೂ ನನ್ನ ಬತ್ತಳಿಕೆಯಲ್ಲಿ ವಿಜ್ಞಾನವೊಂದು ಉಳಿದಿತ್ತು. 2012ರಲ್ಲಿ ಸ್ಪೇನಿನ ಜೊವಾನ್ ಸೆರಾ ಮತ್ತು ಸಂಗಡಿಗರು 1955ರಿಂದ 2010ರವರೆಗಿನ ಸುಮಾರು 4.6 ಲಕ್ಷ ಹಾಡುಗಳ ದತ್ತಾಂಶವನ್ನು ಕಂಪ್ಯೂಟರಿನಿಂದ ಜಾಲಾಡಿಸಿದರು. ಸ್ವರದಿಂದ ಸ್ವರಕ್ಕೆ ಹೋಗುವ ದಾರಿಗಳು ಕಡಿಮೆಯಾಗಿವೆ, ನಾದದ ಬಗೆಗಳು ಒಂದೇ ಥರ ಆಗುತ್ತಿವೆ, ಸದ್ದು ಮಾತ್ರ ಏರುತ್ತಲೇ ಇದೆ ಎಂಬುದು ಅವರ ತೀರ್ಮಾನ. ಈ ಸುದ್ದಿಯನ್ನು ನಾನು ಎಷ್ಟು ಜನರ ಮುಖಕ್ಕೆ ಹಿಡಿದಿದ್ದೇನೋ! ಮೂರು ವರ್ಷದ ನಂತರ ಲಂಡನ್ನಿನಿಂದ ಮತ್ತಿಯಾಸ್ ಮೌಖ್ ಮತ್ತು ಸಂಗಡಿಗರ ಇನ್ನೊಂದು ಅಧ್ಯಯನ ಬಂತು. ಬಿಲ್‌ಬೋರ್ಡ್ ಪಟ್ಟಿಗೆ ಏರಿದ ಸುಮಾರು 17,000 ಹಾಡುಗಳು, 1960ರಿಂದ 2010ರವರೆಗೆ. ಎಲ್ಲ ಒಂದೇ ಥರ ಆಗುತ್ತಿದೆ ಎಂಬುದಕ್ಕೆ ಅವರಿಗೆ ಸಾಕ್ಷ್ಯ ಸಿಗಲಿಲ್ಲ. ವೈವಿಧ್ಯ ತೀರಾ ತಗ್ಗಿದ್ದು 1980ರ ದಶಕದ ನಡುವೆ. ಆಮೇಲೆ ಮತ್ತೆ ಏರಿದೆ. ಅವರ ಪ್ರಕಾರ ದೊಡ್ಡ ತಿರುವುಗಳು ಮೂರು: 1964, 1983, 1991. ಎಲ್ಲಕ್ಕಿಂತ ದೊಡ್ಡದು ಹಿಪ್-ಹಾಪ್ ಬಂದ 1991. ಈ ಎರಡನೆಯ ಅಧ್ಯಯನದ ವಿಷಯ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು, ಓದಲಿಲ್ಲ.

ಆ 1991ರ ಬಗ್ಗೆ ಒಂದು ಮಾತು. ಅಲ್ಲಿಯವರೆಗೆ ಯಾವ ತಟ್ಟೆ ಎಷ್ಟು ಮಾರಾಟವಾಯಿತು ಎಂಬುದನ್ನು ಅಂಗಡಿಯವರು ಬಾಯಿಮಾತಿನಲ್ಲಿ ತಿಳಿಸುತ್ತಿದ್ದರು. ಆ ಮೇ ತಿಂಗಳಲ್ಲಿ ಬಿಲ್‌ಬೋರ್ಡ್ ಆಲ್ಬಮ್‌ಗಳ ಮಟ್ಟಿಗೆ ಬಾರ್‌ಕೋಡ್ ಓದುವ ಸೌಂಡ್‌ಸ್ಕ್ಯಾನ್ ಲೆಕ್ಕಕ್ಕೆ ಬದಲಾಯಿತು. ರ‍್ಯಾಪ್, ಕಂಟ್ರಿ, ಹೆವಿ ಮೆಟಲ್ ಆಲ್ಬಮ್‌ಗಳು ಇದ್ದಕ್ಕಿದ್ದಂತೆ ಮೇಲೆದ್ದವು. ಜೂನ್‌ನಲ್ಲಿ ಎನ್‌ಡಬ್ಲ್ಯೂಎ ಎಂಬ ರ‍್ಯಾಪ್ ತಂಡದ ಆಲ್ಬಮ್ ಮೊದಲ ಸ್ಥಾನದಲ್ಲಿತ್ತು. ಜನ ರಾತ್ರೋರಾತ್ರಿ ಬದಲಾಗಲಿಲ್ಲ, ಎಣಿಸುವವರು ಬದಲಾದರು. ರಾಕ್‌ನ ಸಾಮ್ರಾಜ್ಯ ಎಂದು ನಾವು ನೆನೆಯುವುದರಲ್ಲಿ ಅಂಗಡಿಯವರ ಅಂದಾಜು ಎಷ್ಟು ಪಾಲು ಇತ್ತೋ. ರಾಕ್ ಪೂರ್ತಿ ಸಿಂಹಾಸನ ಬಿಟ್ಟಿಳಿದದ್ದು 2017ರಲ್ಲಿ. ಆ ವರ್ಷ ಅಮೆರಿಕದಲ್ಲಿ ಹಿಪ್-ಹಾಪ್ ಮತ್ತು ಆರ್ ಆ್ಯಂಡ್ ಬಿ ಸೇರಿ ರಾಕ್ ಅನ್ನು ಮೊದಲ ಬಾರಿಗೆ ಹಿಂದಿಕ್ಕಿದವು ಎಂದು ನೀಲ್ಸನ್ ಸಂಸ್ಥೆ ಲೆಕ್ಕ ಕೊಟ್ಟಿತು. ನಾಲ್ಕು ಜನ, ಒಂದು ವ್ಯಾನು, ಡ್ರಮ್ಸ್ ಇಡಲು ಜಾಗ, ಗದ್ದಲ ಸಹಿಸುವ ನೆರೆಹೊರೆ, ಗಂಟೆ ಲೆಕ್ಕದ ಸ್ಟುಡಿಯೊ ಬಾಡಿಗೆ. ಇದೆಲ್ಲ ಒಂದು ಕಡೆ. ಒಬ್ಬ ಮತ್ತು ಒಂದು ಲ್ಯಾಪ್‌ಟಾಪ್ ಇನ್ನೊಂದು ಕಡೆ. ಯಾವುದು ಗೆಲ್ಲುತ್ತದೆ ಎಂದು ಹೇಳಲು ಸಂಗೀತದ ಜ್ಞಾನ ಬೇಕಿಲ್ಲ.

ಹಾಗಾದರೆ ನಾನು ಕೇಳಿದ್ದೆಲ್ಲ ಭ್ರಮೆಯೇ? ಅಲ್ಲ. ಒಂದು ವಸ್ತು ನಿಜವಾಗಿಯೂ ಕಳೆದುಹೋಗಿದೆ. ಅದು ಯಾವುದು ಎಂದು ನನಗೆ ಸರಿಯಾಗಿ ಹೇಳಲು ಬರುತ್ತಿರಲಿಲ್ಲ, ಆದ್ದರಿಂದ ‘ಜೀವ’ ಎಂಬ ದೊಡ್ಡ ಪದ ಹಿಡಿದು ಓಡಾಡುತ್ತಿದ್ದೆ.

ಪೆಡಲಿನ ಪ್ರಕರಣವಾದ ವಾರ ಒಂದು ಪ್ರಯೋಗ ಮಾಡಿದೆ. ರೋಲಿಂಗ್ ಸ್ಟೋನ್ಸ್ ತಂಡದ 1969ರ ‘ಹಾಂಕಿ ಟಾಂಕ್ ವಿಮೆನ್’ ಹಾಡನ್ನು ಹಾಕಿ, ತಪ್ಪದ ಲಯದಲ್ಲಿ ಟಕ್ ಟಕ್ ಎಣಿಸುವ ಮೊಬೈಲಿನ ಮೆಟ್ರೊನೋಮ್ ಅನ್ನು ಅದರ ಆರಂಭಕ್ಕೆ ಹೊಂದಿಸಿದೆ. ಹಾಡು ಶುರುವಾಗುವುದು ನಿರ್ಮಾಪಕ ಜಿಮ್ಮಿ ಮಿಲ್ಲರ್ ಬಾರಿಸುವ ಕೌಬೆಲ್ ಎಂಬ ಗಂಟೆಯಿಂದ. ಅಲ್ಲಿಂದ ಮೆಟ್ರೊನೋಮ್ ಟಕ್ ಟಕ್ ಎಂದು ಜೊತೆಗೇ ನಡೆಯಿತು. ಮೊದಲ ಪಲ್ಲವಿ ಮುಗಿಯುವಷ್ಟರಲ್ಲಿ ಅವೆರಡಕ್ಕೂ ಜಗಳ ಶುರುವಾಯಿತು. ಕೊನೆಗೆ ತಂಡ ಎಲ್ಲೋ ಮುಂದೆ ಓಡಿಹೋಗಿತ್ತು, ಮೆಟ್ರೊನೋಮ್ ಪಾಪ ಹಿಂದೆ ಉಳಿದು ಗುಮಾಸ್ತನ ಹಾಗೆ ಎಣಿಸುತ್ತಿತ್ತು. ಮೂರು ನಿಮಿಷದಲ್ಲಿ ಕಾಲಪ್ರಮಾಣ ಅಷ್ಟು ಏರಿದೆ. ಏರಿಸೋಣ ಎಂದು ಯಾರೂ ತೀರ್ಮಾನಿಸಿದ ಹಾಗಿಲ್ಲ. ನಾಲ್ಕು ಜನ ಮಾತಾಡಿಕೊಂಡು ನಡೆಯುವಾಗ, ಮಾತಿಗೆ ಕಾವೇರಿದಂತೆ ಹೆಜ್ಜೆ ಬಿರುಸಾಗುವುದಿಲ್ಲವೇ, ಹಾಗೆ.

ಇಂದಿನ ಬಹುಪಾಲು ಜನಪ್ರಿಯ ಹಾಡುಗಳಿಗೆ ಮೆಟ್ರೊನೋಮ್ ಹಾಕಿದರೆ ಕೊನೆಯವರೆಗೂ ಕೂದಲೆಳೆಯಷ್ಟೂ ಕದಲುವುದಿಲ್ಲ. 1980ರಲ್ಲಿ ನಿಜವಾದ ಡ್ರಮ್ಮಿನ ಸದ್ದನ್ನು ಒಳಗಿಟ್ಟುಕೊಂಡ ಲಿನ್ ಎಲ್‌ಎಂ-1 ಯಂತ್ರ ಬಂತು. 1983ರಲ್ಲಿ ಯಂತ್ರಗಳೆಲ್ಲ ಪರಸ್ಪರ ಮಾತಾಡಲು ಮಿಡಿ ಎಂಬ ಒಪ್ಪಂದ ಬಂತು. 1991ರಲ್ಲಿ ಪ್ರೊ ಟೂಲ್ಸ್ ಎಂಬ ಧ್ವನಿಮುದ್ರಣ ತಂತ್ರಾಂಶ ಬಂದ ಮೇಲೆ ಹಾಡು ಪರದೆಯ ಮೇಲಿನ ಚಿತ್ರವಾಯಿತು. ಏಟು ಆಚೀಚೆ ಬಿದ್ದಿದ್ದರೆ ಎಳೆದು ಗೆರೆಗೆ ಕೂರಿಸುವುದು ಬರಹದ ಕಾಗುಣಿತ ತಿದ್ದಿದಷ್ಟು ಸುಲಭ. 1997ರಲ್ಲಿ ಗಾಯಕರ ಶ್ರುತಿ ತಿದ್ದುವ ಆಟೊ-ಟ್ಯೂನ್. ಇದನ್ನು ಮಾಡಿದ ಆ್ಯಂಡಿ ಹಿಲ್ಡೆಬ್ರಾಂಡ್ ಮೊದಲು ತೈಲ ಉದ್ಯಮದಲ್ಲಿದ್ದವರು. ನೆಲದೊಳಕ್ಕೆ ಕಳಿಸಿದ ಸದ್ದಿನ ಮಾರ್ದನಿಯಿಂದ ಎಣ್ಣೆ ಎಲ್ಲಿದೆ ಎಂದು ಪತ್ತೆ ಹಚ್ಚುವ ಗಣಿತ ಅವರಿಗೆ ಗೊತ್ತಿತ್ತು. ಅದೇ ಬಗೆಯ ಗಣಿತ ಗಾಯಕರ ಅಪಸ್ವರವನ್ನೂ ಪತ್ತೆ ಹಚ್ಚಿತು. ಅಲ್ಲಿಗೆ ಲಯದ ಜೊತೆ ಶ್ರುತಿಯೂ ಗೆರೆಗೆ ಬಂತು.

ಮೂರನೆಯದು ಏರಿಳಿತ. ಮೆಲ್ಲನೆಯ ಸದ್ದನ್ನು ಎತ್ತಿ, ಜೋರಾದದ್ದನ್ನು ಅದುಮಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದು, ಆಮೇಲೆ ಇಡೀ ಹಾಡನ್ನು ಎತ್ತರಕ್ಕೇರಿಸುವ ಚಟ ಸಿ.ಡಿ. ಕಾಲದಲ್ಲಿ ಅಂಟಿತು. ನನ್ನ ಹುಳುಕೊಂದು ಇಲ್ಲಿದೆ: ಈ ಅಪರಾಧದ ಅತಿ ಕುಖ್ಯಾತ ಉದಾಹರಣೆ ಯಾವುದೋ ಪಾಪ್ ಗಾಯಕಿಯದಲ್ಲ, ಗಿಟಾರ್ ತಂಡದ್ದೇ. ಮೆಟಾಲಿಕಾದ 2008ರ ‘ಡೆತ್ ಮ್ಯಾಗ್ನೆಟಿಕ್’ ಎಷ್ಟು ಅದುಮಿದ ಆಲ್ಬಮ್ ಎಂದರೆ ಸದ್ದು ಅಂಚಿನಲ್ಲಿ ಹರಿದೇ ಹೋಗಿತ್ತು. ಅವೇ ಹಾಡುಗಳು ‘ಗಿಟಾರ್ ಹೀರೊ’ ಎಂಬ ವಿಡಿಯೊ ಗೇಮ್‌ನಲ್ಲಿ ಹೆಚ್ಚು ಚೆನ್ನಾಗಿ ಕೇಳುತ್ತವೆ ಎಂದು ಅಭಿಮಾನಿಗಳೇ ಕಂಡುಹಿಡಿದು, ಆಲ್ಬಮ್ಮನ್ನು ಮತ್ತೆ ಸಿದ್ಧಪಡಿಸಿ ಎಂದು ಮನವಿ ಸಲ್ಲಿಸಿದರು.

ಇದನ್ನೆಲ್ಲ ನಾನು ಹುಡುಗನಿಗೆ ಹೇಳಿದೆ. ಈ ಬಾರಿ ಉಪದೇಶದ ದನಿ ಇರಲಿಲ್ಲ ಎಂದುಕೊಂಡಿದ್ದೇನೆ. ಅವನು ಕೇಳಿದ: "ಹಾಗಾದರೆ ನಿಮ್ಮವರು ಏನನ್ನೂ ತಿದ್ದುತ್ತಿರಲಿಲ್ಲವೇ ಮಾಮ?"

ಉತ್ತರವಾಗಿ ಲೆಡ್ ಜೆಪ್ಪೆಲಿನ್‌ನ 1971ರ ‘ವೆನ್ ದ ಲೆವೀ ಬ್ರೇಕ್ಸ್’ ಹಾಕಿದೆ. ಅದರ ಡ್ರಮ್ಸ್ ಕೇಳಿದವರಿಗೆ ಬೆಟ್ಟವೊಂದು ಎದ್ದು ನಡೆದು ಬಂದ ಹಾಗಾಗುತ್ತದೆ. ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡವಿದೆ. ಅದರ ಹಜಾರದಲ್ಲಿ, ಮೆಟ್ಟಿಲ ಬುಡದಲ್ಲಿ ಬೊನ್‌ಹ್ಯಾಮ್ ಅವರ ಡ್ರಮ್ಸ್ ಇಟ್ಟು, ಎಂಜಿನಿಯರ್ ಆ್ಯಂಡಿ ಜಾನ್ಸ್ ಎರಡು ಮೈಕುಗಳನ್ನು ಮೇಲೆ ಮೆಟ್ಟಿಲ ಕಟಕಟೆಯಿಂದ ಇಳಿಬಿಟ್ಟರು. ಕಲ್ಲುಗೋಡೆಯ ಇಡೀ ಹಜಾರವೇ ಡ್ರಮ್ಮಿನ ಹೊಟ್ಟೆಯಾಯಿತು. ಇಷ್ಟು ಹೇಳಿ ನಾನು ನಿಲ್ಲಿಸಬೇಕಿತ್ತು. ಪ್ರಾಮಾಣಿಕನಾಗಿ ಉಳಿದದ್ದನ್ನೂ ಹೇಳಿದೆ: ಅದಕ್ಕೆ ಪ್ರತಿಧ್ವನಿಯ ಯಂತ್ರ ಸೇರಿಸಿದರು, ನುಡಿಸಿದ್ದಕ್ಕಿಂತ ನಿಧಾನವಾಗಿ ಟೇಪ್ ಓಡಿಸಿದರು. ಆ ಬೆಟ್ಟದ ನಡಿಗೆಯ ಭಾರ ಅರ್ಧ ಅಲ್ಲಿಂದ ಬಂದದ್ದು.

"ಅಂದರೆ ಅದೂ ಲ್ಯಾಪ್‌ಟಾಪ್ ಕೆಲಸವೇ, ಲ್ಯಾಪ್‌ಟಾಪ್ ಇರಲಿಲ್ಲ ಅಷ್ಟೆ" ಎಂದ.

ಆ ಹಾಡಿನ ಹಿಂದಿನ ಜನ್ಮವೂ ಇದೆ. 1927ರಲ್ಲಿ ಮಿಸಿಸಿಪಿ ನದಿ ಒಡ್ಡು ಒಡೆದು ಊರೂರುಗಳನ್ನು ನುಂಗಿತು. ಎರಡು ವರ್ಷದ ಬಳಿಕ ಮೆಂಫಿಸ್ ಮಿನ್ನೀ ಮತ್ತು ಕಾನ್ಸಸ್ ಜೋ ಮೆಕಾಯ್ ಎಂಬ ಕಪ್ಪು ದಂಪತಿ ಆ ಪ್ರವಾಹದ ಮೇಲೆ ಎರಡೇ ಗಿಟಾರ್‌ಗಳಲ್ಲಿ ಹಾಡು ಕಟ್ಟಿ ಮುದ್ರಿಸಿದರು. ಅದನ್ನು ನಾಲ್ವರು ಇಂಗ್ಲಿಷ್ ತರುಣರು ಎತ್ತಿಕೊಂಡರು. ಈ ಒಂದು ಸಲ ಮಿನ್ನೀ ಅವರ ಹೆಸರನ್ನು ಹಾಕುವ ಸೌಜನ್ಯ ತೋರಿದರು, ಎಲ್ಲ ಸಲ ತೋರಲಿಲ್ಲ. ಅವರ ‘ಹೋಲ್ ಲಾಟ ಲವ್’ ಹಾಡಿಗಾಗಿ ಬ್ಲೂಸ್ ಹಾಡುಗಾರ ವಿಲ್ಲಿ ಡಿಕ್ಸನ್ 1985ರಲ್ಲಿ ಮೊಕದ್ದಮೆ ಹೂಡಬೇಕಾಯಿತು. 1986ರಲ್ಲಿ ಬೀಸ್ಟೀ ಬಾಯ್ಸ್ ಎಂಬ ರ‍್ಯಾಪ್ ತಂಡ ಆ ಮೆಟ್ಟಿಲು ಹಜಾರದ ಡ್ರಮ್ಸ್ ಅನ್ನು ಕತ್ತರಿಸಿ ತೆಗೆದು ತಮ್ಮ ಮೊದಲ ಆಲ್ಬಮ್‌ನ ಮೊದಲ ಹಾಡಿಗೆ ತಳಪಾಯ ಮಾಡಿಕೊಂಡಿತು. 1929ರ ಮಿನ್ನೀ ಅವರ ಕೇಳುಗರೊಬ್ಬರು 1971ರ ಆ ಗುಡುಗನ್ನು ಕೇಳಿದ್ದರೆ, ಬ್ಲೂಸ್ ಎಂಥ ಅವನತಿಗಿಳಿಯಿತು ಎಂದು ಖಂಡಿತ ಹೇಳಿರುತ್ತಿದ್ದರು. ಬೀಸ್ಟೀ ಬಾಯ್ಸ್ ಕೇಳಿದಾಗ ನಾನು ಹೇಳಿದ್ದು ಅದನ್ನೇ.

ಆಮೇಲೆ ಸರದಿ ಅವನದಾಯಿತು. ಅಮೆರಿಕದ ಗಾಯಕಿ ಬಿಲ್ಲೀ ಐಲಿಶ್ ಅವರ 2019ರ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ, ಮೊಬೈಲ್ ಮುಟ್ಟದೆ ಕೇಳಬೇಕು ಎಂದು ಕರಾರು ಹಾಕಿದ. ಅಣ್ಣ ಫಿನಿಯಸ್ ಜೊತೆ ಮನೆಯ ಮಲಗುವ ಕೋಣೆಯಲ್ಲಿ ಮುದ್ರಿಸಿದ ಆಲ್ಬಮ್. ‘ಬ್ಯಾಡ್ ಗೈ’ ಹಾಡಿನ ಲಯದಲ್ಲಿ ಚಟಪಟ ಎನ್ನುವ ಸದ್ದೊಂದಿದೆ. ಆಸ್ಟ್ರೇಲಿಯಾದಲ್ಲಿ ರಸ್ತೆ ದಾಟುವವರಿಗಾಗಿ ಸಿಗ್ನಲ್ ಕಂಬ ಮಾಡುವ ಸದ್ದು ಅದು. ಆಕೆ ಫೋನಿನಲ್ಲಿ ಹಿಡಿದು ತಂದದ್ದು. ಇನ್ನೊಂದು ಹಾಡಿನಲ್ಲಿ ಹಲ್ಲಿನ ವೈದ್ಯರ ಕೊರೆಯುವ ಯಂತ್ರ. ನನಗೆ ಥಟ್ಟನೆ ನೆನಪಾದದ್ದು ಪಿಂಕ್ ಫ್ಲಾಯ್ಡ್‌ನ 1973ರ ‘ಮನಿ’. ರೋಜರ್ ವಾಟರ್ಸ್ ಬಟ್ಟಲಿಗೆ ನಾಣ್ಯ ಎಸೆದು ಆ ಝಣಝಣವನ್ನು ಟೇಪಿಗೆ ಹಿಡಿದರು. ನಾಣ್ಯ, ಹರಿಯುವ ಕಾಗದ, ಗಲ್ಲಾಪೆಟ್ಟಿಗೆ, ಒಂದೊಂದು ಸದ್ದಿನ ಟೇಪ್ ತುಂಡನ್ನೂ ಅಳತೆಗೆ ಕತ್ತರಿಸಿ ಅಂಟಿಸಿ ಏಳು ಮಾತ್ರೆಯ ಬಳೆ ಮಾಡಿ ತಿರುಗಿಸಿದರು. ಬ್ಲೇಡು ಹೋಗಿ ಮೌಸ್ ಬಂದಿದೆ. ಬೀದಿಯ ಸದ್ದನ್ನು ಹೆಕ್ಕಿ ತಾಳಕ್ಕೆ ಕೂರಿಸುವ ತುಂಟತನ ಅದೇ.

ಆ ಆಲ್ಬಮ್‌ನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ದನಿ. ರಾಕ್ ಗಾಯಕರು ಡ್ರಮ್ಸ್ ಮತ್ತು ಗಿಟಾರ್ ಗೋಡೆಯನ್ನು ಹಾಯಬೇಕಿತ್ತು, ಕಿರುಚುತ್ತಿದ್ದರು. ಈಕೆ ಕಿರುಚುವುದಿಲ್ಲ. ತುಟಿ ಅಂಟಿ ಬಿಡುವ ಸದ್ದು, ನಾಲಿಗೆ ಹೊರಳುವ ಸದ್ದು ಕೂಡ ಕೇಳುವಷ್ಟು ಮೈಕಿನ ಹತ್ತಿರ ಪಿಸುಗುಟ್ಟುತ್ತಾರೆ. ಸಾವಿರಾರು ಜನರ ಮೈದಾನಕ್ಕೆ ಕಟ್ಟಿದ ಸಂಗೀತ ಒಂದು. ಒಬ್ಬರ ಎರಡು ಕಿವಿಗೆ ಕಟ್ಟಿದ್ದು ಇನ್ನೊಂದು. ಎರಡನೆಯದರ ಅಳತೆಗೋಲು ನನ್ನ ಹತ್ತಿರ ಇರಲಿಲ್ಲ.

ಎಲ್ಲವನ್ನೂ ಒಪ್ಪಿಕೊಂಡೆ ಎಂದಲ್ಲ. ಪೀಠಿಕೆಯ ವಿಷಯದಲ್ಲಿ ನನ್ನ ತಕರಾರು ಹಾಗೇ ಇದೆ. 1980ರ ದಶಕದ ನಡುವೆ ಅಮೆರಿಕದ ಜನಪ್ರಿಯ ಹಾಡುಗಳಲ್ಲಿ ದನಿ ಬರುವ ಮೊದಲು ಸರಾಸರಿ 20 ಸೆಕೆಂಡಿಗೂ ಹೆಚ್ಚು ವಾದ್ಯವಿರುತ್ತಿತ್ತು. 2015ರ ಹೊತ್ತಿಗೆ ಅದು 5 ಸೆಕೆಂಡಿನ ಆಸುಪಾಸಿಗೆ ಇಳಿದಿದೆ ಎಂದು ಅಳೆದು ನೋಡಿದವರು ಹೇಳುತ್ತಾರೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಹಾಡು ಲೆಕ್ಕಕ್ಕೆ ಸೇರುತ್ತದೆ, ಬೆರಳು ಮುಂದಿನದಕ್ಕೆ ಜಾರುವ ಮೊದಲು ಹಿಡಿದುಕೊಳ್ಳಬೇಕು. ವ್ಯಾಪಾರ ಅರ್ಥವಾಗುತ್ತದೆ. ಹಳೆಯವರಿಗೂ ಸಂಕೋಲೆಯಿತ್ತು: 78 ಸುತ್ತಿನ ತಟ್ಟೆ ಮೂರು ನಿಮಿಷಕ್ಕೆ ಮುಗಿಯುತ್ತಿತ್ತು, ಹಾಡು ಮೂರು ನಿಮಿಷದ್ದಾಯಿತು. 1948ರಲ್ಲಿ ಹೆಚ್ಚು ಹೊತ್ತು ಓಡುವ ಎಲ್‌ಪಿ ತಟ್ಟೆ ಬಂತು, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದ ಆಚೀಚೆ ಹಿಡಿಯಿತು, ರಾಕ್ ತಂಡಗಳು ಆ ಬಯಲನ್ನು ನೋಡಿ ಕಾಲು ಚಾಚಿದವು. ಅದು ಅಗಲವಾಗಿದ್ದ ಸಂಕೋಲೆ. ಇದು ಬಿಗಿ. ಬಾಗಿಲು ತೆರೆದ ಕೂಡಲೇ ಮೈಮೇಲೆ ಬೀಳುವ ಹಾಡು ನನಗೆ ಇನ್ನೂ ಒಗ್ಗಿಲ್ಲ.

ಇನ್ನು ಕ್ಲಾಸಿಕ್ ರಾಕ್ ಸತ್ತಿದೆಯೇ ಎಂದರೆ, ಅಯ್ಯೋ, ಅದು ಸಾಯಲು ಬಿಡುವವರಾದರೂ ಯಾರು! ಅಮೆರಿಕದಲ್ಲಿ ಇಂದು ಕೇಳುವುದರಲ್ಲಿ ಹತ್ತಕ್ಕೆ ಏಳು ಪಾಲು ಹದಿನೆಂಟು ತಿಂಗಳಿಗಿಂತ ಹಳೆಯ ಸಂಗೀತ. ಇಂಗ್ಲಿಷ್ ಗಾಯಕಿ ಕೇಟ್ ಬುಷ್ ಅವರ 1985ರ ಹಾಡು ಟೀವಿ ಧಾರಾವಾಹಿಯೊಂದರಲ್ಲಿ ಬಂದು 2022ರಲ್ಲಿ ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿತು. 2023ರಲ್ಲಿ ಬೀಟಲ್ಸ್ ‘ಹೊಸ’ ಹಾಡು ಬಿಟ್ಟರು. ಜಾನ್ ಲೆನನ್ ಹಳೆಯ ಕ್ಯಾಸೆಟ್ಟಿನಲ್ಲಿ ಬಿಟ್ಟುಹೋಗಿದ್ದ ದನಿಯನ್ನು ಪಿಯಾನೊ ಸದ್ದಿನಿಂದ ಬಿಡಿಸಿ ತೆಗೆದದ್ದು ಯಂತ್ರಕಲಿಕೆಯ ತಂತ್ರಾಂಶ. ಅದೂ ಬ್ರಿಟನ್ನಿನಲ್ಲಿ ನಂಬರ್ ಒನ್. ಅಜ್ಜಂದಿರು ಹೀಗೆ ಜಗಲಿ ಪೂರ್ತಿ ಹಾಸಿಕೊಂಡು ಮಲಗಿದರೆ ಇಪ್ಪತ್ತರ ಹುಡುಗರು ಎಲ್ಲಿ ಕೂರಬೇಕು ಎಂಬ ಚಿಂತೆ ಈಚೆಗೆ ನನಗೆ ಹತ್ತಿದೆ.

ಹೋದ ತಿಂಗಳು ಹುಡುಗ ಹೊಸ ಹಾಡೊಂದನ್ನು ಕಟ್ಟಿ ತಂದ. ಹೆಡ್‌ಫೋನ್ ಕೊಟ್ಟು ಏನೂ ಹೇಳದೆ ನನ್ನ ಮುಖ ನೋಡುತ್ತ ಕೂತ. ಮೊದಲ ಚರಣದ ಹೊತ್ತಿಗೆ ಡ್ರಮ್ಮಿನ ಹಿಂದೆ ಕೀಚ್ ಎಂಬ ಸದ್ದು. ನಗು ಬಂತು.

"ಎಲ್ಲಿಂದ ತಂದೆ ಇದನ್ನು?"

"ಅಡುಗೆಮನೆಯ ಕಪಾಟಿನ ಬಾಗಿಲು ಮಾಮ. ಫೋನಿನಲ್ಲಿ ಹಿಡಿದೆ."

ಪೂರ್ತಿ ಕೇಳಿದೆ. ಹಾಡು ಚೆನ್ನಾಗಿತ್ತು, ಕೀಚಲಿನಲ್ಲಿ ಮಾತ್ರ ಏನೋ ಕಲ್ಲು ಕಚ್ಚಿದ ಹಾಗಾಗುತ್ತಿತ್ತು. ಎರಡನೆಯ ಸಲ ಕೇಳಿದಾಗ ತಿಳಿಯಿತು. ಅದೇ ಒಂದು ಕೀಚ್, ಅದೇ ಎತ್ತರದಲ್ಲಿ, ಗೆರೆಯ ಮೇಲೆ ಗೆರೆ ಎಳೆದ ಹಾಗೆ, ಪ್ರತಿ ಏಟಿನ ಹಿಂದೆ ಅಷ್ಟಷ್ಟೇ ಅಂತರದಲ್ಲಿ. ಹೇಳಿದೆ. ಅವನು ನಾಲಿಗೆ ಕಚ್ಚಿಕೊಂಡು ಲ್ಯಾಪ್‌ಟಾಪ್ ತೆರೆದ. ಪರದೆಯ ಮೇಲೆ ನೂರಾರು ಕೀಚಲುಗಳು ಸೇನೆಯ ಸಾಲಿನಂತೆ ನಿಂತಿದ್ದವು. ಒಂದನ್ನು ಹಿಡಿದು ಎಡಕ್ಕೆ ಕೂದಲೆಳೆಯಷ್ಟು ಸರಿಸಿದ, ಇನ್ನೊಂದನ್ನು ಬಲಕ್ಕೆ, ಮೂರನೆಯದನ್ನು ಅಳಿಸಿಯೇ ಬಿಟ್ಟ.

"ಎಲ್ಲವನ್ನೂ ಹೀಗೆ ಕೈಯಲ್ಲೇ ಮಾಡುತ್ತೀಯಾ?" ಎಂದೆ.

"ಇಲ್ಲ ಮಾಮ," ಎಂದು ಮೌಸ್ ಬಿಟ್ಟೆದ್ದ, "ಕಪಾಟಿನ ಬಾಗಿಲನ್ನೇ ಹಾಡಿನ ಜೊತೆ ಪೂರ್ತಿ ಬಾರಿಸುತ್ತೇನೆ. ನೀವು ಫೋನ್ ಹಿಡಿದುಕೊಳ್ಳಿ."